ಹಿಂದೆ ಬರುತ್ತಿರುವ ಗೆಳತಿ

ಹೆಣ್ಣುಮಗಳೊಬ್ಬಳು ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಹಳ್ಳಿಯೊಂದರ ಓಣಿಯಲ್ಲಿ ಕಾಣಿಸಿಕೊಂಡರೆ ಜನ ಮೊದಲು ಏನು ಕೇಳುತ್ತಾರೆ, ಹೇಳಿ ನೋಡೋಣ. ಏನು ಫೋಟೋ ತೆಗೆಯುತ್ತೀರಿ ಎಂದು ಕೇಳುತ್ತಾರೆ ಅಂದುಕೊಂಡಿದ್ದರೆ ನಿಮಗೆ ನಮ್ಮ ಬಾಗೇವಾಡಿ ಸೀಮೆಯ ಪರಿಚಯವಿಲ್ಲ. ಇಂಡಿಯಿರಲಿ, ಸಿಂದಗಿಯಿರಲಿ, ಮುದ್ದೇಬಿಹಾಳದ ಕಡೆಯ ಯಾವ ಊರೇ ಇರಲಿ, ಕೇಳುವುದು ಒಂದೇ: "ಒಬ್ಬಾಕಿನ ಬಂದೀರೇನ್ರಿ?" ಹೌದು ಅಂದಿರೋ, ಮುಗಿಯಿತು ಕಥೆ. "ಯಾಕ್ರಿ? ಮನ್ಯಾಗ ಯಾರ್ಯಾರದಾರ? ಯಜಮಾನ್ರು ಎಲ್ಲಿ?" ಎಂದು ಒಂದರ ಬೆನ್ನಿಗೊಂದು ಬರುತ್ತವೆ. ಮದುವೆಯಾಗಿಲ್ಲ ಎಂದರೆ ಎರಡನೆಯ ಸುತ್ತು ಶುರು. ಕೊನೆಗೆ ಕಟ್ಟೆಯ ಮೇಲಿನ ಯಾರಾದರೂ ಒಬ್ಬ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ "ಪಾಪ" ಎಂದುಬಿಡುತ್ತಾಳೆ. ಬಿಸಿಲು ತಡೆದೇನು, ನಾಯಿಗಳನ್ನು ತಡೆದೇನು, ಸೀರೆಗೆ ಸಿಕ್ಕುವ ಜಾಲಿಮುಳ್ಳನ್ನೂ ತಡೆದೇನು, ಈ "ಪಾಪ"ವನ್ನು ಮಾತ್ರ ನನ್ನ ಕೈಲಿ ತಡೆಯಲಾಗುವುದಿಲ್ಲ. ಹಾಗಾಗಿ ನಾನೊಂದು ಸುಳ್ಳು ಸಾಕಿಕೊಂಡಿದ್ದೇನೆ. ಯಾರೇ ಕೇಳಲಿ, ಕೈಯನ್ನು ಹಿಂದಕ್ಕೆ ಬೀಸಿ ಹೇಳುತ್ತೇನೆ: "ಇಲ್ರಿ, ಗೆಳತಿ ಹಿಂದ ಬರಾಕತ್ತಾಳ."

ಇದು ಹುಟ್ಟಿನಿಂದಲೇ ಸುಳ್ಳಲ್ಲ. ಹೋದ ವರ್ಷದವರೆಗೆ ನಿಜವೇ ಆಗಿತ್ತು. ಗೆಳತಿ ಎಂದರೆ ಶಕೀಲಾ. ನಾನು ಗಣಿತ ಕಲಿಸುವ ಹೈಸ್ಕೂಲಿನಲ್ಲೇ ಕನ್ನಡ ಕಲಿಸುತ್ತಿದ್ದವಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಮಾತಿನಲ್ಲಿ ನನಗಿಂತ ನಲವತ್ತು ವರ್ಷ ದೊಡ್ಡವಳು. ರವಿವಾರ ಬಂದರೆ ಇಬ್ಬರೂ ಸಿಕ್ಕ ಬಸ್ಸು ಹತ್ತಿ ಯಾವುದೋ ಊರಿನಲ್ಲಿ ಇಳಿದು ನಡೆಯುತ್ತಿದ್ದೆವು. ಹಳೆಯ ಗುಡಿ, ಗುಮ್ಮಟ, ಹಾಳುಬಾವಿ, ಊರ ಬಾಗಿಲಾದ ಅಗಸಿ, ಆಲಮಟ್ಟಿಯ ಹಿನ್ನೀರಿನ ದಂಡೆ, ಏನು ಸಿಕ್ಕರೂ ನಾನು ಫೋಟೋ ತೆಗೆಯುತ್ತಿದ್ದೆ. ಅವಳಿಗೆ ಫೋಟೋದ ಗೊಡವೆಯೇ ಇರಲಿಲ್ಲ. ಅವಳು ಬರುತ್ತಿದ್ದುದು ಮಾತಾಡಲಿಕ್ಕೆ. ಸಿಂದಗಿಯ ಆಚೆ ಒಮ್ಮೆ ಪುಟ್ಟದೊಂದು ಹಳೆಯ ಚರ್ಚು ಸಿಕ್ಕಿತು. ಕರೀ ಕಲ್ಲಿನ ಗೋಡೆ, ಮೇಲೊಂದು ಸಣ್ಣ ಗಂಟೆ, ಸುತ್ತ ಜೋಳದ ಹೊಲ. ನಾನು ಆ ಗಂಟೆಯ ಮೇಲೆ ಸಂಜೆಯ ಬೆಳಕು ಬೀಳಲಿ ಎಂದು ಬೇವಿನ ಗಿಡದ ಕೆಳಗೆ ಉಸಿರು ಹಿಡಿದು ಕೂತರೆ, ಶಕೀಲಾ ಚರ್ಚಿನ ಮೆಟ್ಟಿಲ ಮೇಲೆ ಕಸ ಹೊಡೆಯುವ ಹೆಂಗಸಿನ ಜೊತೆ ಕೂತು ಮಾವಿನ ಉಪ್ಪಿನಕಾಯಿಗೆ ಸಾಸಿವೆ ಎಷ್ಟು ಹಾಕಬೇಕು ಎಂದು ಜಗಳ ತೆಗೆದಿದ್ದಳು. ಬೆಳಕು ಬಿತ್ತು, ನಾನು ಗುಂಡಿ ಒತ್ತಿದೆ, ಚಿತ್ರದಲ್ಲಿ ಚರ್ಚಿಗಿಂತ ಮುಂದೆ ಶಕೀಲಾಳ ಕೊಡೆ ಬಂದಿತ್ತು. "ಆಚಿ ಸರಿ ಅಂದ್ರ ಸರೀಬೇಕ ನೋಡು!" ಎಂದು ನಾನು ಕೂಗಿದರೆ "ಅಯ್ಯ, ನೀ ತೆಗಿಯೂದು ಹಳೇವ ಅಲ್ಲ, ನನ್ನ ಕೊಡೀನೂ ಹಳೇದ ಐತಿ, ಇರ್ಲಿ ಬಿಡು" ಎಂದಳು.

ನಿವೃತ್ತಿಯಾದ ಮೇಲೆ ಮಗಳ ಬಾಣಂತನಕ್ಕೆಂದು ಧಾರವಾಡಕ್ಕೆ ಹೋದಳು. ಬಾಣಂತನ ಮುಗಿಯಿತು, ಕೂಸು ಅಂಬೆಗಾಲಿಟ್ಟಿತು, ಮಗಳು ಕೆಲಸಕ್ಕೆ ಹೊರಟಳು, ಕೂಸು ಶಕೀಲಾಳ ಸೊಂಟಕ್ಕೆ ಅಂಟಿತು. ಈಗ ಅವಳು ಅಲ್ಲಿಯವಳೇ. ನನ್ನ ಚಿತ್ರಗಳು ಬಹಳ ಸುಧಾರಿಸಿವೆ. ಕೊಡೆ ಇಲ್ಲ, ಸೆರಗಿನ ತುದಿ ಇಲ್ಲ, ಹಿಂದಿನಿಂದ "ಆತೇನ ನಿಂದು?" ಎನ್ನುವ ದನಿ ಇಲ್ಲ. ಜನರೂ ಇಲ್ಲ. ಮೊದಲೆಲ್ಲ ಅವಳು ಮಾತಿಗೆ ಹಚ್ಚಿದ ಮಂದಿ ಕ್ಯಾಮೆರಾ ಮರೆತು ನಗುತ್ತಿದ್ದರು, ಬೈಯುತ್ತಿದ್ದರು, ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನೊಬ್ಬಳೇ ಹೋದರೆ ಸೆಟೆದು ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ, ಇಲ್ಲವೇ ಎದ್ದು ಒಳಗೆ ಹೋಗುತ್ತಾರೆ. ಹಾಗಾಗಿ ನನ್ನ ಬಳಿ ಈಗ ಈ ನಾಲ್ಕು ತಾಲ್ಲೂಕಿನ ಖಾಲಿ ಕಟ್ಟೆಗಳ ಚಿತ್ರಗಳು ಬೇಕಾದಷ್ಟಿವೆ. ಪ್ರತಿ ರವಿವಾರ ಸಂಜೆ ಒಂದು ಒಳ್ಳೆಯದನ್ನು ಆರಿಸಿ ಫೋನಿನಲ್ಲಿ ಶಕೀಲಾಳಿಗೆ ಕಳಿಸುತ್ತೇನೆ. ಫೋನು ಹಚ್ಚುತ್ತಾಳೆ, ಬೈಯುತ್ತಾಳೆ ಎಂದು ಕಾಯುತ್ತೇನೆ. ಅವಳಿಂದ ಒಂದು ಹಳದಿ ಹೆಬ್ಬೆಟ್ಟಿನ ಗುರುತು ಬರುತ್ತದೆ. ಊರೂರಿನ ಕಟ್ಟೆಯಲ್ಲಿ ಬಾಯಿ ಮುಚ್ಚದ ಹೆಂಗಸು ನನಗೆ ಹೆಬ್ಬೆಟ್ಟು ಒತ್ತಿ ಮುಗಿಸುತ್ತಾಳಲ್ಲ ಎಂದು ಸಿಟ್ಟು ಬರುತ್ತದೆ. ಕೂಸು ಹೊತ್ತವಳಿಗೆ ಪುರಸೊತ್ತು ಎಲ್ಲಿ ಎಂದು ನಾನೇ ಸಮಾಧಾನ ಮಾಡಿಕೊಳ್ಳುತ್ತೇನೆ. ನಾನಾಗಿ ಫೋನು ಹಚ್ಚಬಹುದಿತ್ತು, ಹಚ್ಚಲಿಲ್ಲ. ಹಚ್ಚಿದಾಗ ಅವಳು "ಆಮ್ಯಾಲೆ ಮಾತಾಡ್ತೇನಿ" ಅಂದುಬಿಟ್ಟರೆ ಎಂಬ ಹೆದರಿಕೆ. ಹೆಬ್ಬೆಟ್ಟಾದರೆ ಅಷ್ಟರ ಮಟ್ಟಿಗೆ ಲೇಸು.

ಈ ನಡುವೆ ಒಂದು ರವಿವಾರ ಇಂಗಳೇಶ್ವರದ ದಾರಿಯಲ್ಲಿ ಒಂದು ಸಣ್ಣ ಊರಿನಲ್ಲಿ ಇಳಿದೆ. ಅಗಸಿ ಚೆನ್ನಾಗಿತ್ತು. ಅದರ ಕಮಾನು, ಕಟ್ಟಿಗೆಯ ಹಳೇ ಬಾಗಿಲು, ಆಚೆ ಕಾಣುವ ಓಣಿ ಎಲ್ಲ ತೆಗೆದು ಒಳಗೆ ನಡೆದೆ. ಮೊದಲ ಮನೆಯ ಮುಂದೆ ಶೇಂಗಾ ಸುಲಿಯುತ್ತ ಕೂತಿದ್ದ ಗೌರವ್ವ ಎಂಬ ಹೆಂಗಸು ಕೇಳಬೇಕಾದ್ದನ್ನೇ ಕೇಳಿದಳು. ನಾನು ಹೇಳಬೇಕಾದ್ದನ್ನೇ ಹೇಳಿದೆ. ಬೇರೆ ಊರುಗಳಲ್ಲಿ ಮಾತು ಇಲ್ಲಿಗೆ ಮುಗಿಯುತ್ತದೆ. ಗೌರವ್ವ ಮಾತ್ರ ಶೇಂಗಾದ ಮೊರ ಕೆಳಗಿಟ್ಟು ಎದ್ದಳು. "ಬರ್ರಿ ಒಳಗ. ಊಟದ ಹೊತ್ತು. ನಿಮ್ಮ ಗೆಳತೀನೂ ಬರ್ಲಿ, ಕೂಡೇ ಉಂಡು ಹೋಗೀರಂತ." ಒಲ್ಲೆ ಎಂದರೆ ಕೇಳುವ ಪೈಕಿ ಅಲ್ಲ. ಕೈಗೆ ನೀರು ಕೊಟ್ಟು ಪಡಸಾಲೆಯಲ್ಲಿ ಕೂಡಿಸಿ ಎರಡು ತಾಟು ಇಟ್ಟಳು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಹಸಿ ಉಳ್ಳಾಗಡ್ಡಿ. ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ. ಕೈ ಚಾಚಿದೆ. ಗೌರವ್ವ ತಾಟನ್ನು ಮೆಲ್ಲಗೆ ಆಚೆ ಸರಿಸಿದಳು.

"ತಡೀರಿ ಅಕ್ಕಾರ, ಅವರೂ ಬರ್ಲಿ. ಜೋಡೀಲೆ ಬಂದವ್ರಾಗ ಒಬ್ರಿಗಿ ನೀಡಿ ಒಬ್ರನ್ನ ಬಿಡಬಾರ್ದ್ರಿ."

ಕಾದೆವು. ಗೌರವ್ವ ಶೇಂಗಾ ಸುಲಿದಳು, ನಾನು ಪಲ್ಯದ ವಾಸನೆ ಕುಡಿದೆ. ಅವಳ ಗಂಡ ಮಲ್ಲಪ್ಪ ಹೊಲದಿಂದ ಬಂದ, ಅವನೂ ಕೈ ತೊಳೆದು ಕಾಯಲು ಕೂತ. ಯಾರನ್ನು ಕಾಯುತ್ತಿದ್ದೇವೆಂದು ಗೊತ್ತಾದ ಮೇಲೆ ಪಕ್ಕದ ಮನೆಯವರು ಇಬ್ಬರು ಬಂದು ತಲೆಬಾಗಿಲಲ್ಲಿ ನಿಂತರು. ಇಷ್ಟು ಮಂದಿ ಸೇರಿ ಶಕೀಲಾಳನ್ನು ಕಾಯುವುದು ನೋಡಿ ನನಗೆ ಒಂದು ಥರದ ಖುಷಿಯೇ ಆಯಿತು. ಈವರೆಗೆ ನಾನೊಬ್ಬಳೇ ಕಾಯುತ್ತಿದ್ದೆನಲ್ಲ. ಆದರೆ ಗೌರವ್ವನ ತಾಳ್ಮೆ ಮುಗಿಯಿತು. "ಫೋನ್ ಹಚ್ರಿ ಅವ್ರಿಗಿ. ದಾರಿ ತಪ್ಪ್ಯಾರೇನ ನೋಡೂಣು" ಎಂದಳು. ರೇಂಜ್ ಇಲ್ಲ ಎಂದೆ. ಮಲ್ಲಪ್ಪ ನನ್ನ ಫೋನನ್ನು ಬಗ್ಗಿ ನೋಡಿ "ಐತಿ ಐತಿ, ತುಂಬ ಐತಿ" ಎಂದ. ಎಲ್ಲರ ಕಣ್ಣೆದುರು ಶಕೀಲಾಳ ಹೆಸರು ಒತ್ತಿದೆ. ಎತ್ತದಿರಲಿ ದೇವರೇ ಎಂದು ಬೇಡಿಕೊಂಡೆ, ಎತ್ತಲಿ ಎಂದೂ ಬೇಡಿಕೊಂಡೆ. ಎತ್ತಿದಳು. ನಾನು ಬಾಯಿ ತೆರೆಯುವ ಮುಂಚೆ ಗೌರವ್ವ ಫೋನು ಕಸಿದುಕೊಂಡು ಇಡೀ ಓಣಿಗೆ ಕೇಳುವಂತೆ ಕೂಗಿದಳು.

"ಎಲ್ಲಿ ಅದೀಯವ್ವಾ? ಇಲ್ಲಿ ನಿನ್ನ ಗೆಳತಿ ಹಸದು ಕುಂತಾಳ, ರೊಟ್ಟಿ ಆರಾಕತ್ತಾವು, ಲಗೂ ಬಾ!"

ಮಲ್ಲಪ್ಪ ಸ್ಪೀಕರ್ ಒತ್ತಿದ. ಆ ಕಡೆ ಕುಕ್ಕರ್ ಸೀಟಿ ಹೊಡೆಯಿತು, ಕೂಸು ಅತ್ತಿತು. ಆಮೇಲೆ ಶಕೀಲಾಳ ದನಿ, ಏನೂ ಆಗದವಳ ಹಾಗೆ: "ಬಂದ್ನೆವ್ವಾ ಬಂದೆ! ಇಲ್ಲೇ ಅಗಸ್ಯಾಗ ಅದೇನಿ. ಚಪ್ಪಲಿ ಹರೀತು, ಅದಕ್ಕ ತಡಾ ಆತು. ಆಕಿ ಮುಂದ ತಾಟ ಇಡಬ್ಯಾಡ್ರಿ, ನನ್ನ ಪಾಲಿಂದೂ ತಿಂತಾಳ!"

ಎಲ್ಲರೂ ನಕ್ಕರು. ನನಗೆ ಅಳು ಬಂತು. ಯಾವ ಊರು, ಏನು, ಯಾಕೆ ಎಂದು ಒಂದೂ ಕೇಳದೆ ಬಂದೆ ಎಂದುಬಿಟ್ಟಳಲ್ಲ ಇವಳು. ನಾನಿರುವ ಕಡೆ ಒಂದು ಅಗಸಿ ಇದ್ದೇ ಇರುತ್ತದೆ ಎಂಬುದು ಅವಳಿಗೆ ಗೊತ್ತು. ಸೆರಗಿನಿಂದ ಮುಖ ಒರೆಸಿಕೊಂಡು, ಉಳ್ಳಾಗಡ್ಡಿ ಖಾರ ಎಂದು ಗೌರವ್ವನಿಗೆ ಹೇಳಿದೆ. ಉಳ್ಳಾಗಡ್ಡಿ ನನ್ನಿಂದ ಮಾರು ದೂರದಲ್ಲಿತ್ತು.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ಚಪ್ಪಲಿ ಹರಿದ ಹೆಣ್ಣುಮಗಳು ಬಿಸಿಲಲ್ಲಿ ಬರಿಗಾಲಲ್ಲಿ ನಡೆಯಬಾರದೆಂದು ಮಲ್ಲಪ್ಪ ಎದ್ದು ಬೈಕು ತೆಗೆದ! "ಬ್ಯಾಡ್ರಿ, ಬರ್ತಾಳ್ರಿ" ಎಂದು ನಾನು ಹಿಂದೆ ಓಡುವಷ್ಟರಲ್ಲಿ ಓಣಿ ದಾಟಿದ್ದ. ಹೋದವನು ಅಷ್ಟೇ ಬೇಗ ತಿರುಗಿ ಬಂದ. "ಅಗಸ್ಯಾಗ ಒಂದು ನಾಯಿ ಮಲಗೇತಿ. ಮತ್ಯಾರೂ ಇಲ್ಲ." ಎಲ್ಲರೂ ನನ್ನ ಮುಖ ನೋಡಿದರು. ಸಮೀಕರಣ ತಪ್ಪಾಗಿ ಬಿಡಿಸಿ ಬೋರ್ಡಿನ ಮುಂದೆ ನಿಂತ ಹುಡುಗರ ಮುಖ ಎಷ್ಟೋ ನೋಡಿದವಳು ನಾನು. ನನ್ನ ಮುಖ ಆಗ ಹಾಗೇ ಇದ್ದಿರಬೇಕು.

"ಆಕಿ ಧಾರವಾಡದಾಗ ಅದಾಳ್ರಿ" ಎಂದೆ.

"ಮತ್ತ ಅಗಸ್ಯಾಗ ಅದೇನಿ ಅಂದ್ಲಲ್ರಿ?"

"ಆಕಿ ಹಂಗ್ರಿ. ನಾ ಕರದ್ರ ಇಲ್ಲ ಅನ್ನೂದಿಲ್ಲ."

ಗೌರವ್ವ ಕಣ್ಣು ಸಣ್ಣ ಮಾಡಿ ನನ್ನನ್ನು ನೋಡಿದಳು. ಈಗ "ಪಾಪ" ಬರುತ್ತದೆ ಎಂದು ತಲೆ ತಗ್ಗಿಸಿ ಕೂತೆ. ಬರಲಿಲ್ಲ. "ಏನ್ರವ್ವ ನೀವು! ನನ್ನ ಬಿಸಿ ರೊಟ್ಟಿ ಹಾಳ ಮಾಡಿದ್ರಿ" ಎಂದು ರಪ್ಪನೆ ಬೈದು, ತಾಟು ಮುಂದೆ ತಳ್ಳಿ, ಎದುರು ಕೂತು ಸಾಕುಸಾಕೆನ್ನುವಷ್ಟು ನೀಡಿದಳು. ಎರಡನೆಯ ತಾಟನ್ನು ತೆಗೆಯಲಿಲ್ಲ. ಹೊರಡುವಾಗ ಖಡಕ್ ರೊಟ್ಟಿಯ ಒಂದು ಗಂಟು, ಶೇಂಗಾ ಚಟ್ನಿಯ ಒಂದು ಪೊಟ್ಟಣ ನನ್ನ ಚೀಲಕ್ಕೆ ತುರುಕಿದಳು. "ಇದು ನಿಮಗಲ್ರಿ ಮತ್ತ, ಆಕಿಗಿ. ತಿಂಗಳಾದ್ರೂ ಕೆಡೂದಿಲ್ಲ, ಮುಟ್ಟಸ್ರಿ. ಇನ್ನೊಮ್ಮಿ ಬರೂದಾದ್ರ ಇಬ್ರೂ ಕೂಡೇ ಬಂದು ಸುಳ್ಳು ಹೇಳ್ರಿ" ಎಂದಳು. ಅವಳ ಫೋಟೋ ತೆಗೆಯಬೇಕು ಎಂಬುದು ನನಗೆ ಓಣಿಯ ಕೊನೆಗೆ ಬಂದಾಗ ನೆನಪಾಯಿತು.

ಅಗಸಿ ದಾಟುವಾಗ ನಾಯಿ ಇನ್ನೂ ಮಲಗಿತ್ತು. ನಾನು ನಿಂತೆ. ಕಮಾನಿನ ಈ ಬದಿ ನೋಡಿದೆ, ಆ ಬದಿ ನೋಡಿದೆ. ಧಾರವಾಡ ಎಷ್ಟು ದೂರ, ಬಸ್ಸು ಎಷ್ಟು ತಾಸು ತೆಗೆದುಕೊಳ್ಳುತ್ತದೆ ಎಂಬ ಲೆಕ್ಕವನ್ನು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಆದರೂ ಅವಳು ಅಷ್ಟು ಖಾತ್ರಿಯಿಂದ ಹೇಳಿದ್ದಳಲ್ಲ, ಇಲ್ಲೇ ಅದೇನಿ ಅಂತ. ಗೋಡೆಯ ನೆರಳಿನಲ್ಲಿ ಒಂದಿಷ್ಟು ಹೊತ್ತು ನಿಂತೇ ಇದ್ದೆ. ಬಾಗೇವಾಡಿಯ ಬಸ್ಸು ಬಂದು ಎದುರಿಗೇ ನಿಂತಿತು. ನಾನು ಮನೆಗೆ ಹೋಗಲು ಅದಾದ ಮೇಲೆ ಆ ದಿನ ಬೇರೆ ಬಸ್ಸಿರಲಿಲ್ಲ. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಏರ್ತೀರೇನ್ರಿ ಅಕ್ಕಾರ? ಒಬ್ರ ಅದೀರೇನು?" ಎಂದು ಕೇಳಿದ. ನನ್ನ ಕೈ ತಾನಾಗಿ ಹಿಂದಕ್ಕೆ ಬೀಸಿತು.

"ಇಲ್ರಿ, ನೀವು ಹೋಗ್ರಿ. ಗೆಳತಿ ಬರೂದೈತಿ" ಎಂದೆ. ಅವನು ಸೀಟಿ ಊದಿದ, ಬಸ್ಸು ಹೋಯಿತು.