ಹತ್ತಕ್ಕೆ ಹತ್ತು ಪಡೆದ ಕನ್ನಡಕ

ಒಂದು ವಸ್ತುವನ್ನು ಕೊಳ್ಳುವ ಮುಂಚೆ ನಾಲ್ಕು ಕಡೆ ವಿಚಾರಿಸಬೇಕು ಎನ್ನುವವರ ಪೈಕಿ ನಾನೂ ಒಬ್ಬ. ವಿಚಾರಿಸಿದ ಮೇಲೆ ಕೊಳ್ಳಲೂಬೇಕು ಎಂಬುದು ಮಾತ್ರ ನನಗೆ ಅಷ್ಟಾಗಿ ನೆನಪಿರುವುದಿಲ್ಲ. ಸಂತೆಯಲ್ಲಿ ತೆಂಗಿನಕಾಯಿ ಆರಿಸುವಾಗ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೆರಳಿನಿಂದ ಬಾರಿಸಿ, ಕೊನೆಗೆ ಮತ್ತೆ ಮೊದಲನೆಯದಕ್ಕೇ ಬರುತ್ತೇನೆ. ಹೀಗೆ ಹದಿನೈದನೆಯ ಕಾಯಿ ಬಾರಿಸುತ್ತಿದ್ದಾಗ ಕಾಯಿ ಮಾರುವ ಹೆಂಗಸು, “ಮೇಷ್ಟ್ರೇ, ಕಾಯಿ ತಕ್ಕೊಳಾಕೆ ಬಂದ್ರೋ, ಸಂಗೀತ ಕಲಿಯಾಕೆ ಬಂದ್ರೋ?” ಎಂದು ಕೇಳಿದ್ದುಂಟು. ಕುಕ್ಕರ್ ಕೊಳ್ಳಬೇಕಾದಾಗ ಪಾಂಡವಪುರದಲ್ಲಿ ಕಂಡದ್ದನ್ನು ಕೆ.ಆರ್. ಪೇಟೆಯಲ್ಲಿ ಕಂಡದ್ದಕ್ಕೆ ಹೋಲಿಸಿ, ಅವೆರಡನ್ನೂ ನಾಗಮಂಗಲದಲ್ಲಿ ಕಂಡದ್ದಕ್ಕೆ ಹೋಲಿಸಿ ಮನೆಗೆ ಬಂದರೆ, ಅಡುಗೆಮನೆಯಲ್ಲಿ ಹೊಸ ಕುಕ್ಕರ್ ಮೂರನೆಯ ವಿಷಲ್ ಕೂಗುತ್ತಿತ್ತು. ಹಾಲು ತರಲು ಹೋಗಿದ್ದ ನನ್ನ ಹೆಂಡತಿ ಶಾರದ, ಪಕ್ಕದ ಅಂಗಡಿಯಲ್ಲಿ ಕಣ್ಣಿಗೆ ಬಿದ್ದದ್ದನ್ನು ಹಾಲಿನ ಜೊತೆಗೇ ತಂದಿದ್ದಳು. ಆ ಕುಕ್ಕರ್ ಇವತ್ತಿನವರೆಗೂ ಕೈಕೊಟ್ಟಿಲ್ಲ. ಒಮ್ಮೆಯಾದರೂ ಕೈಕೊಡಲಿ ಎಂದು ನಾನು ಒಳಗೊಳಗೇ ಆಸೆಪಟ್ಟಿದ್ದೇನೆ.

ಇಂಥ ನಾನು ನಿವೃತ್ತಿಯ ವಾರದಲ್ಲಿ ನನ್ನ ಕನ್ನಡಕದ ಮೇಲೆ ನಾನೇ ಕುಳಿತುಬಿಟ್ಟೆ. ನಮ್ಮ ಪ್ರೌಢಶಾಲೆಯ ಕಚೇರಿಯ ಗೋಡೆಯ ಮೇಲೆ ನಿವೃತ್ತ ಮುಖ್ಯೋಪಾಧ್ಯಾಯರ ಫೋಟೊಗಳು ಸಾಲಾಗಿ ತೂಗುತ್ತಿವೆ. ಮೂರನೆಯವರು ಕ್ಯಾಮೆರಾ ಕ್ಲಿಕ್ಕಿಸಿದ ಕ್ಷಣದಲ್ಲಿ ಕಣ್ಣು ಮುಚ್ಚಿದ್ದರು. ಮೂವತ್ತು ವರ್ಷ ದುಡಿದ ಆ ಪುಣ್ಯಾತ್ಮರು ಇವತ್ತಿನ ಮಕ್ಕಳ ಬಾಯಲ್ಲಿ ‘ನಿದ್ದೆ ಮೇಷ್ಟ್ರು’. ಶನಿವಾರ ನನ್ನ ಫೋಟೊ ತೆಗೆಯುವುದಿತ್ತು. ನಾನು ಯಾವ ಹೆಸರಿನಿಂದ ಆ ಗೋಡೆಯ ಮೇಲೆ ಉಳಿಯುತ್ತೇನೋ ಎಂಬ ಭಯ, ನಗಬೇಡಿ, ನಿಜಕ್ಕೂ ನನಗಿತ್ತು. “ಹೊಸ ಕನ್ನಡಕ ತಗೊಳ್ಳೋಕೆ ಜೊತೇಲಿ ನಾನೂ ಬರ್ಲಾ?” ಎಂದಳು ಶಾರದ. ಕುಕ್ಕರಿನ ನೆನಪು ಇನ್ನೂ ಆರಿರಲಿಲ್ಲ. “ನನ್ನ ಮುಖಕ್ಕೆ ಏನು ಒಪ್ಪುತ್ತೆ ಅಂತ ನನಗೆ ಗೊತ್ತಿಲ್ವಾ?” ಎಂದು ಒಬ್ಬನೇ ಹೊರಟೆ.

ನಮ್ಮ ಪಾಂಡವಪುರದಲ್ಲೂ ಕನ್ನಡಕದಂಗಡಿಗಳಿವೆ. ಆದರೆ ಅವುಗಳ ಮಾಲೀಕರೆಲ್ಲ ನಮ್ಮ ಶಾಲೆಯ ಮಕ್ಕಳ ಅಪ್ಪಂದಿರು. ಇಪ್ಪತ್ತು ಫ್ರೇಮು ಹಾಕಿ ನೋಡಿ ಬರಿಗೈಲಿ ಎದ್ದು ಬರಲು ಆಗುವುದಿಲ್ಲ. ಆದ್ದರಿಂದ ಶ್ರೀರಂಗಪಟ್ಟಣಕ್ಕೆ ಹೋಗುವುದೆಂದು ನಿರ್ಧರಿಸಿದೆ. ಬಸ್ ನಿಲ್ದಾಣದಲ್ಲಿ ಬಸ್ಸು ಕಂಡಿತು, ಅದರ ಬೋರ್ಡು ಕಾಣಲಿಲ್ಲ. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರನಿಗೆ, “ಬೋರ್ಡಿನಲ್ಲಿ ಏನು ಬರೆದಿದೆ, ಓದಪ್ಪ” ಎಂದೆ. ಅವನು ಕೈಯಲ್ಲಿದ್ದ ಟಿಕೆಟ್ ಮೆಷಿನ್ನನ್ನು ಕಂಕುಳಿಗೆ ಸೇರಿಸಿ ನೆಟ್ಟಗೆ ನಿಂತ. “ಸಾ, ನಾನು ನಿಮ್ ಶಿಷ್ಯ ಕಣ್ ಸಾ. ಬಸ್‌ಸ್ಟಾಂಡಲ್ಲೂ ಪರೀಕ್ಸೆ ಮಾಡ್ತೀರಲ್ಲ! ಪಟ್ಣಕ್ಕೆ ಓಯ್ತದೆ, ಅತ್ತಿ ಸಾ” ಎಂದ. ಕಾಣದ್ದನ್ನು ಒಪ್ಪಿಕೊಳ್ಳುವುದಕ್ಕಿಂತ ಪರೀಕ್ಷೆ ಮಾಡಿದವನಾಗಿ ಉಳಿಯುವುದೇ ಮೇಲೆನಿಸಿ, “ಭೇಷ್” ಎಂದು ಹತ್ತಿ ಕುಳಿತೆ.

ಅಂಗಡಿಯ ಅನ್ವರ್ ಸಾಬರು ಒಳ್ಳೆಯ ಮನುಷ್ಯರು. ನನ್ನ ಕಣ್ಣು ಪರೀಕ್ಷಿಸಿ, “ಅರೆ, ನಿಮ್ದೂ ನಂದೂ ಹೆಚ್ಚೂಕಮ್ಮಿ ಒಂದೇ ನಂಬರು ಸಾರ್” ಎಂದು ನೆಂಟಸ್ತಿಕೆ ಬೆಳೆಸಿದವರಂತೆ ಖುಷಿಪಟ್ಟರು. ಮೇಜಿನ ಮೇಲೆ ಫ್ರೇಮುಗಳ ರಾಶಿ ಹರಡಿದರು. ನಾನು ಜೇಬಿನಿಂದ ಕಾಗದ ತೆಗೆದೆ. ತೂಕ, ಗಟ್ಟಿತನ, ಮೂಗಿನ ಮೇಲಿನ ಹಿಡಿತ, ಅಂದ ಎಂದು ಮನೆಯಲ್ಲೇ ಗೆರೆ ಎಳೆದುಕೊಂಡು ಬಂದಿದ್ದೆ. ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಏರ್ಪಾಡು. ತೂಕಕ್ಕೂ ಹಿಡಿತಕ್ಕೂ ಅಂಕ ಬಿದ್ದವು. ಅಂದದ ವಿಷಯಕ್ಕೆ ಬಂದಾಗ ಒಂದು ಸಂಗತಿ ಹೊಳೆಯಿತು. ಮಾರಾಟಕ್ಕಿಟ್ಟ ಫ್ರೇಮಿನಲ್ಲಿರುವುದು ಬರೀ ಪಾರದರ್ಶಕ ಪ್ಲಾಸ್ಟಿಕ್ಕು. ಅದನ್ನು ಹಾಕಿಕೊಂಡರೆ ಕನ್ನಡಿಯೊಳಗೆ ಮುದ್ದೆಯಂಥದ್ದೊಂದು ಕಾಣುತ್ತದೆ, ಅದು ನಾನೇ ಇರಬೇಕು ಎಂದು ನಂಬಬೇಕು. ಕನ್ನಡಕ ಬೇಕಾದವನಿಗೆ ಕನ್ನಡಕ ಆರಿಸಲು ಮೊದಲು ಒಂದು ಕನ್ನಡಕ ಬೇಕು!

ಬೇರೆಯವರ ಅಭಿಪ್ರಾಯ ಕೇಳದೆ ವಿಧಿಯಿರಲಿಲ್ಲ. ಸಾಬರು ಪ್ರತಿಯೊಂದಕ್ಕೂ, “ಮಾಷಾ ಅಲ್ಲಾ, ಕಲೆಕ್ಟರ್ ಥರ ಕಾಣ್ತೀರಿ” ಎನ್ನುತ್ತಿದ್ದರು. ಹನ್ನೊಂದು ಥರದ ಕಲೆಕ್ಟರ್ ಇರಲಾರರು ಎಂದು ನನಗೂ ಗೊತ್ತು. ಪಕ್ಕದಲ್ಲಿ ತಮ್ಮ ಕನ್ನಡಕದ ರಿಪೇರಿಗೆ ಕಾಯುತ್ತಿದ್ದ ಅಕ್ಕಸಾಲಿಗ ಆಚಾರ್ರು ನನ್ನ ಮುಖವನ್ನು ನೋಡಲೇ ಇಲ್ಲ, ಚಿನ್ನದ ಬಣ್ಣದ ಫ್ರೇಮನ್ನು ಉಗುರಿನಿಂದ ಕೆರೆದು, “ಪಾಲೀಸು ಸರಿಯಾಗಿಲ್ಲ, ಬುಡಿ ಸಾ” ಎಂದರು.

ಅಷ್ಟರಲ್ಲಿ ಸಾಬರು ಆಚಾರ್ರ ಕನ್ನಡಕದ ಚಿಕ್ಕ ಸ್ಕ್ರೂ ಬಿಗಿಮಾಡಲು ತಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಸ್ಕ್ರೂವನ್ನು ಕಣ್ಣಿನ ಹತ್ತಿರ ಹಿಡಿದುಕೊಂಡರು. ನಾನು ರಾಶಿಗೆ ಕೈಹಾಕಿ ಹನ್ನೆರಡನೆಯದನ್ನು ಎತ್ತಿಕೊಂಡು ಹಾಕಿಕೊಂಡೆ. ಏನು ಹೇಳಲಿ! ಕನ್ನಡಿಯಲ್ಲಿ ಹುಬ್ಬು, ಮೂಗು, ಮೀಸೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು. ಇಷ್ಟು ಗಂಭೀರವಾದ ಮುಖ ನನಗಿದೆ ಎಂದು ಈವರೆಗೆ ತಿಳಿದಿರಲಿಲ್ಲ. ಹತ್ತಕ್ಕೆ ಹತ್ತು ಬರೆದೆ. “ನೋಡಿ ಆಚಾರ್ರೇ, ಆತುರಪಡಬಾರದು. ಎಲ್ಲವನ್ನೂ ತೂಗಿ ನೋಡಿದರೆ ನಮಗೆ ಬೇಕಾದದ್ದು ತಾನಾಗಿ ಎದುರಿಗೆ ಬರುತ್ತದೆ” ಎಂದು ಸಣ್ಣದೊಂದು ಪಾಠವನ್ನೂ ಮಾಡಿದೆ.

“ಅಲ್ಲಾ, ನನ್ ಕನ್ನಡಕ ಎಲ್ಲೋಯ್ತು?” ಎಂದು ಸಾಬರು ಮೇಜು ತಡವತೊಡಗಿದರು. ಎಲ್ಲರೂ ಹುಡುಕಿದೆವು. ಬೆಳಗಿನಿಂದ ಅದೇ ಮೊದಲ ಸಲ ಕಣ್ಣು ಚೆನ್ನಾಗಿ ಕಾಣುತ್ತಿದ್ದುದರಿಂದ ಎಲ್ಲರಿಗಿಂತ ಹುರುಪಿನಿಂದ ಹುಡುಕಿದವನು ನಾನೇ. ಮೇಜಿನ ಕೆಳಗೂ ಬಗ್ಗಿ ನೋಡಿದೆ. ಎದ್ದಾಗ ಆಚಾರ್ರು ಅಂಗಡಿಗೆ ಬಂದಮೇಲೆ ಮೊದಲ ಸಲ ನನ್ನ ಮುಖವನ್ನು ನಿಧಾನವಾಗಿ ನೋಡಿದರು. “ಸಾ, ಕ್ವಾಪ ಮಾಡ್ಕೋಬ್ಯಾಡಿ. ನಿಮ್ ಮೂಗಿನ್ ಮ್ಯಾಗಿರಾದು ಯಾರ್ದು?” ಎಂದರು. ತೆಗೆದು ನೋಡಿದರೆ ಅದರ ಒಂದು ಕಡ್ಡಿಗೆ ದಾರ ಸುತ್ತಿತ್ತು.

ಮಾರನೆಯ ದಿನ ಶಾರದಳನ್ನು ಕರೆದುಕೊಂಡು ಹೋದೆ. ಅವಳು ರಾಶಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಅದು” ಎಂದಳು. ಸಾಬರು ಕೊಟ್ಟ ಟೀ ಆರುವ ಮುಂಚೆ ಕೆಲಸ ಮುಗಿದಿತ್ತು. ಶನಿವಾರ ಹೊಸ ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕುಳಿತೆ, ಕಣ್ಣು ಮಿಟುಕಿಸಬಾರದು ಎಂದು ಹತ್ತು ಸಲ ಅಂದುಕೊಂಡೆ. ಫೋಟೊಗ್ರಾಫರ್ ಒಂದೆರಡು ತೆಗೆದು ನೋಡಿ ತಲೆಯಾಡಿಸಿದ. “ಗ್ಲಾಸು ಒಳೀತದೆ ಸಾ, ಕಣ್ಣೇ ಕಾಣಾಕಿಲ್ಲ. ಒಂದ್ನಿಮಿಷ ತೆಗ್ದ್ಬುಡಿ” ಎಂದ.

ಈಗ ಗೋಡೆಯ ಸಾಲಿನ ಕೊನೆಯಲ್ಲಿ ನಾನು ಬರಿಮುಖದಲ್ಲಿ ತೂಗುತ್ತಿದ್ದೇನೆ, ಕಣ್ಣು ತೆರೆದೇ ಇದೆ. ಮೊನ್ನೆ ಹೋಗಿದ್ದಾಗ ಹೊಸದಾಗಿ ಬಂದ ಟೀಚರೊಬ್ಬರು, “ಎಂಥ ನೋಟ ಸಾರ್ ನಿಮ್ಮದು! ಈ ಶಾಲೆಯ ಭವಿಷ್ಯವನ್ನೇ ನೋಡ್ತಿರೋ ಹಾಗಿದೆ” ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಫೋಟೊ ತೆಗೆದ ಆ ಹೊತ್ತಿನಲ್ಲಿ ನಾನು ನೋಡುತ್ತಿದ್ದುದು ಕ್ಯಾಮೆರಾ ಯಾವ ಕಡೆ ಇದೆ ಎಂದು.