ಮಂಜೇಶ ಹಲ್ಲು ಕೀಳಿಸಲು ಹೋದದ್ದು

ಎಲ್ಲ ಅನಾಹುತಕ್ಕೂ ಕಾರಣ ಒಂದು ಟೈ. ಆ ಶುಕ್ರವಾರ ಮಂಜೇಶ ಹಲ್ಲು ಕೀಳಿಸಬೇಕೆಂದು ಆಫೀಸಿಗೆ ಸುಳ್ಳು ಹೇಳಿ ರಜೆ ಹಾಕಿ, ಪಕ್ಕದ ರಾಜ್ಯದ ಸೌತ್‌ಫೀಲ್ಡ್ ಎಂಬ ಊರಿನ ಕೆಲಸವೊಂದರ ಇಂಟರ್‌ವ್ಯೂಗೆ ಟೈ ಕಟ್ಟಿಕೊಂಡು ಹೊರಟಿದ್ದ. ಹನ್ನೊಂದು ಗಂಟೆಗೆ ಫೋನಿನಲ್ಲೇ ವಿಡಿಯೊ ಇಂಟರ್‌ವ್ಯೂ. ಲೈಬ್ರರಿಯ ಪಾರ್ಕಿಂಗ್‌ನಲ್ಲಿ ಕಾರೊಳಗೆ ಕೂತು ಮುಗಿಸಿಬಿಡೋಣವೆಂದುಕೊಂಡಿದ್ದ. ಮನೆಯಲ್ಲಿ ಮಾತಾಡುವ ಹಾಗಿರಲಿಲ್ಲ. ಶಿಕಾಗೋ ಬಳಿಯ ಗ್ಲೆಂಡೇಲ್ ಹೈಟ್ಸಿನಲ್ಲಿ ಅವನ ಪಕ್ಕದ ಮನೆಯಲ್ಲೇ ಅವನ ಮ್ಯಾನೇಜರ್ ಪ್ರಸನ್ನನ ಅಕ್ಕ ಗುರುದೇವಿ ಇದ್ದಳು. ಇಲ್ಲಿ ಒಗ್ಗರಣೆ ಹಾಕಿದರೆ ಅಲ್ಲಿ ತಮ್ಮನಿಗೆ ಸೀನು ಬರುತ್ತಿತ್ತು. ಹೊಸ ಕೆಲಸ ಕೈಗೆ ಬರುವ ಮೊದಲೇ ಪ್ರಸನ್ನನಿಗೆ ಸುದ್ದಿ ಮುಟ್ಟಿದರೆ ಇದ್ದ ಕೆಲಸವೂ ಹೋಗಿ, ವೀಸಾವೂ ಹೋಗುತ್ತಿತ್ತು.

“ಎಲ್ಲಿಗ ಹೊಂಟೀಪಾ?” ಗುರುದೇವಿ ಡ್ರೈವ್‌ವೇಗೆ ಅಡ್ಡ ನಿಂತಿದ್ದಳು.

“ಹಲ್ಲು ಕೀಳಿಸೋಕೆ ಆಂಟಿ.”

“ಹಲ್ಲ ಕೀಳಸಾಕ ಟೈ ಯಾಕಪಾ?”

ಮಂಜೇಶನ ಮೈ ಉರಿದುಹೋಯಿತು. ನನ್ನ ಕುತ್ತಿಗೆ, ನನ್ನ ಟೈ, ಇವಳ ಗಂಟೇನು ಹೋಯಿತು? ಆದರೆ ಬಾಯಿಗೆ ಬಂದದ್ದು ಎಲ್ಲೋ ನೋಡಿದ್ದ ಪೋಸ್ಟರಿನ ನೆನಪು. “ಅದಕ್ಕೆ ಮುಂಚೆ ಶಿಕಾಗೋಲಿ ಒಂದು ಮ್ಯೂಸಿಯಂ ನೋಡ್ಬೇಕು. ಪೂರ್ವ ಜರ್ಮನಿ ಅಂತ ಇತ್ತಲ್ಲ, ಅಲ್ಲಿನ ಗುಪ್ತ ಪೊಲೀಸರದ್ದು. ತುಂಬಾ ಬೋರು.”

ಇಷ್ಟು ಹೇಳಿದರೆ ಯಾವ ನರಪ್ರಾಣಿಯೂ ಜೊತೆಗೆ ಬರುವುದಿಲ್ಲವೆಂದು ಅವನ ಧೈರ್ಯ.

“ತಡಿ, ಚಪ್ಪಲಿ ಹಾಕ್ಕೊಂಡ ಬರ್ತೀನಿ,” ಎಂದಳು ಗುರುದೇವಿ. “ಮನ್ಯಾಗ ಕುಂತು ಬ್ಯಾಸರಾಗೇತಿ.”

ಇನ್ನೇನು ಮಾಡುವುದು, ಹೋಗಲೇಬೇಕಾಯಿತು. ದಾರಿಯುದ್ದಕ್ಕೂ ಅವಳು ಮಾತಾಡಿದಳು, ಅವನು ಹಲ್ಲು ಕಡಿದ. ಮ್ಯೂಸಿಯಮ್ಮಿನೊಳಗೆ ಸಾಲಾಗಿ ಗಾಜಿನ ಭರಣಿಗಳು, ಒಂದೊಂದರಲ್ಲೂ ಒಂದು ಬಟ್ಟೆಯ ತುಂಡು. ಅನುಮಾನ ಬಂದವರ ಮೈವಾಸನೆಯನ್ನು ನಾಯಿಗಳಿಗೆಂದು ಹೀಗೆ ಮುಚ್ಚಿಡುತ್ತಿದ್ದರೆಂದು ಬಿಳಿಗಡ್ಡದ ಗೈಡು ವಿವರಿಸಿದ.

“ಉಪ್ಪಿನಕಾಯಿ ಹಾಕೂ ಭರಣಿ ಎಲ್ಲಾ ಹಾಳ ಮಾಡ್ಯಾರ ನೋಡು,” ಎಂದಳು ಗುರುದೇವಿ.

ಮುಂದಿನ ಕೋಣೆಯಲ್ಲಿ ನೆರೆಯವರು ನೆರೆಯವರ ಮೇಲೆ ಬರೆದುಕೊಟ್ಟ ವರದಿಗಳಿದ್ದವು. ಯಾರು ಬಂದರು, ಯಾವಾಗ ಹೋದರು, ಏನುಟ್ಟಿದ್ದರು. ಗೈಡು ಓದಿ ಹೇಳಿದಂತೆಲ್ಲ ಅವಳು ಕೆನ್ನೆ ಬಡಿದುಕೊಂಡಳು. “ಎಂಥಾ ಮಂದಿ ಇದ್ರಪಾ. ಬಾಜೂ ಮನಿಯವರ ಉಸಾಬರಿ ಇವರಿಗ್ಯಾಕ ಬೇಕಿತ್ತು?”

ಅವಳನ್ನೇ ಒಂದು ಭರಣಿಗೆ ತುಂಬಿ ಮುಚ್ಚಳ ಬಿಗಿಯಬೇಕೆನ್ನಿಸಿತು ಮಂಜೇಶನಿಗೆ. ಹನ್ನೊಂದಕ್ಕೆ ಐದೇ ನಿಮಿಷ ಉಳಿದಿತ್ತು. ಬಾತ್‌ರೂಮೆಂದು ಸುಳ್ಳು ಹೇಳಿ, ಮೆಟ್ಟಿಲಿಳಿದು, ಕೈದಿಗಳ ವಿಚಾರಣೆಗೆಂದು ಮಾಡಿಟ್ಟ ಮಾದರಿ ಕೋಣೆಗೆ ನುಗ್ಗಿ ಕಬ್ಬಿಣದ ಬಾಗಿಲು ಎಳೆದುಕೊಂಡ. ಒಳಗೆ ಮೇಜು, ಕುರ್ಚಿ, ದಪ್ಪ ಗೋಡೆ. ಅವನ ಜೀವ ತಣ್ಣಗಾಯಿತು.

ಇಂಟರ್‌ವ್ಯೂ ಚೆನ್ನಾಗಿಯೇ ನಡೆಯಿತು. ಕೊನೆಗೆ ಅವರು, ಇರುವ ಕೆಲಸ ಏಕೆ ಬಿಡುತ್ತೀರಿ ಎಂದು ಕೇಳಿಬಿಟ್ಟರು. ಮೂರು ವರ್ಷದ ಸಿಟ್ಟು ಒಡ್ಡು ಒಡೆದು ಬಂತು. ಬಾತ್‌ರೂಮಿಗೆ ಹೋದರೂ ಎಲ್ಲಿದ್ದೀಯೆಂದು ಮೆಸೇಜು ಮಾಡುವ ಪ್ರಸನ್ನ, ತನ್ನ ದುಡಿಮೆಗೆ ಅವನ ಹೆಸರು, ಮಗಳ ಹುಟ್ಟುಹಬ್ಬದ ಸಂಜೆಯೇ ಕರೆದ ಮೀಟಿಂಗು, ಹೆಸರೊಂದನ್ನು ಬಿಟ್ಟು ಎಲ್ಲವನ್ನೂ ಮೇಜು ಗುದ್ದಿ ಗುದ್ದಿ ಹೇಳಿದ. ಅವರಿಗೆ ಆ ನೇರಮಾತೇ ಹಿಡಿಸಿತು. ಸೋಮವಾರ ಆಫರ್ ಕಳಿಸುತ್ತೇವೆಂದರು.

ಹಗುರಾಗಿ ಹೊರಗೆ ಬಂದವನು ಬಾಗಿಲ ಮೇಲಿನ ಬೋರ್ಡನ್ನು ಆಗ ಓದಿದ. ಈ ಕೋಣೆಯ ಗೋಡೆಯಲ್ಲಿ ಮೈಕು ಅಡಗಿಸಲಾಗಿದೆ, ಇಲ್ಲಿ ಆಡಿದ್ದು ಮೇಲಿನ ಮಹಡಿಯ ಹೆಡ್‌ಫೋನುಗಳಲ್ಲಿ ಕೇಳಿಸುತ್ತದೆ.

ಮೆಟ್ಟಿಲು ಹಾರಿ ಹತ್ತಿದ. ಗುರುದೇವಿ ಹೆಡ್‌ಫೋನು ಹಾಕಿಕೊಂಡು ಆರಾಮಾಗಿ ಕೂತಿದ್ದಳು. ಕೈಯಲ್ಲಿ ಅವಳ ಫೋನಿತ್ತು.

“ಪ್ರಸನ್ನ ಅದಾನ, ಮಾತಾಡು.”

ಮಂಜೇಶ ಇನ್ನು ಮುಗಿಯಿತೆಂದುಕೊಂಡು ಫೋನು ಕಿವಿಗಿಟ್ಟುಕೊಂಡ.

“ಅಕ್ಕ ಎಲ್ಲಾ ಹೇಳಿದ್ಲು. ನನಗೇನ ಸಿಟ್ಟಿಲ್ಲಪಾ,” ಪ್ರಸನ್ನನ ದನಿ ಬೆಣ್ಣೆಯಾಗಿತ್ತು. “ಇಲ್ಲಿ ನಮ್ಮ ಟೀಮ್ ಮುಂದಿನ ತಿಂಗಳ ಮುಚ್ಚತಾರ. ನೀ ಎಲ್ಲಿ ಹೋಗ್ತೀಯೋ ಅಂತ ಚಿಂತಿ ಹತ್ತಿತ್ತು. ಸೌತ್‌ಫೀಲ್ಡ್‌ನವರು ನೀ ಹೊಂಟ ಗ್ರೂಪಿಗೇ ಮ್ಯಾನೇಜರ್ ಅಂತ ನನ್ನ ತಗೊಂಡು ಹದಿನೈದು ದಿನ ಆತು. ಛಲೋ ಆತು ಬಿಡು, ಅಲ್ಲೂ ಕೂಡೇ ಇರೂಣು.”

ಮಂಜೇಶ ಫೋನು ಕಟ್ ಮಾಡಿ ಅವಳ ಮುಂದಿಟ್ಟ. ಹೋಗದೆ ವಿಧಿಯಿಲ್ಲ, ಹೋದರೂ ಅವನೇ. ಕೊನೆಗೂ ಬಾಯಿ ಬಿಟ್ಟು ರೇಗಿದ. “ಊರೋರ ಸುದ್ದಿಯೆಲ್ಲಾ ಸಾರ್ತೀರಲ್ಲ ಆಂಟಿ, ಇದೊಂದು ಮಾತ್ರ ಯಾಕೆ ಹೇಳ್ಲಿಲ್ಲ?”

ಗುರುದೇವಿಗೆ ಅವನಿಗಿಂತ ಹೆಚ್ಚು ಸಿಟ್ಟು ಬಂತು. “ಯಾರಿಗೂ ಹೇಳಬ್ಯಾಡ ಅಂದಿದ್ದ ತಮ್ಮ. ನನ್ನೇನ ಚಾಡಿಕೋರಿ ಅಂತ ತಿಳಕೊಂಡೀಯೇನು?” ಎಂದು ಹೆಡ್‌ಫೋನು ಕಿತ್ತಿಟ್ಟಳು. ಆಮೇಲೆ ತಾನೇ ತಣ್ಣಗಾಗಿ, “ನಾನೂ ಅವನ ಹಿಂದನ ಹೊಂಟೀನಿ. ಅಲ್ಲೇ ಸೌತ್‌ಫೀಲ್ಡ್ ಹತ್ತಿರ ಪ್ಲಿಮತ್‌ನ್ಯಾಗ ಮನಿ ನೋಡೇವಿ. ಬಾಜೂದೂ ಖಾಲಿ ಐತಿ, ನಿನಗಂತ ಹೇಳಿಡ್ತೀನಿ,” ಎಂದು ಫೋನು ಕೈಗೆತ್ತಿಕೊಂಡಳು.