ಡಿಸೆಂಬರಿನಲ್ಲಿ ಚುಚ್ಚಿಟ್ಟ ಸೂಜಿ

ಆಬಾನ್ ತಿಂಗಳ ಹತ್ತನೆಯ ತಾರೀಖು, ಶುಕ್ರವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹಾಜರಿದ್ದವರು: ನಾನು, ನನ್ನ ಹೆಂಡತಿ, ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಖಾಜಾಮಿಯಾ. ಇದನ್ನು ನಾನು ನೆನಪಿನಿಂದ ಬರೆಯುತ್ತಿಲ್ಲ, ದಿನಚರಿಯಿಂದ ಇಳಿಸಿಕೊಂಡಿದ್ದೇನೆ. ಅಲ್ಲಿ ಆ ಹೊತ್ತಿನ ಮುಂದೆ ಎರಡೇ ಮಾತುಗಳಿವೆ: 'ಸೂಜಿ ಮುರಿಯಿತು. ಬೇರೆ ಸೂಜಿ ಇಲ್ಲ.' ಯಾಕೆ ಇಲ್ಲ ಎಂಬುದನ್ನು ಬರೆದಿಲ್ಲ. ಎಲ್ಲವನ್ನೂ ಬರೆದಿಡುವ ಮನುಷ್ಯನೂ ಕೆಲವು ಕಡೆ ಮಸಿ ಉಳಿಸುತ್ತಾನೆ. ಈಗ ವಯಸ್ಸಾಯಿತು, ಉಳಿಸಿದ ಮಸಿ ಯಾವ ಉಪಯೋಗಕ್ಕೆ? ಬರೆದುಬಿಡುತ್ತೇನೆ.

ಆಬಾನ್ ಎಂದರೆ ಯಾವ ತಿಂಗಳು ಎಂದು ಇಂದಿನವರು ಕೇಳಬಹುದು. ನಿಜಾಮರ ಕಾಲದ ಲೆಕ್ಕ ಅದು, ಹೆಚ್ಚು ಕಡಿಮೆ ಸೆಪ್ಟೆಂಬರು. ದೊಡ್ಡ ಯುದ್ಧ ಇನ್ನೂ ಮುಗಿದಿರಲಿಲ್ಲ. ಈಗಿನ ಬಸವಕಲ್ಯಾಣವನ್ನು ನಾವು ಆಗ ಕಲ್ಯಾಣಿ ಎನ್ನುತ್ತಿದ್ದೆವು. ನಾನು ಅಲ್ಲಿ ಶಾಲೆಯ ಮಾಸ್ತರ. ಶುಕ್ರವಾರ ಶಾಲೆಗೆ ರಜೆ. ರಜೆಯ ದಿನವೂ ನಾನು ಐದಕ್ಕೆ ಏಳುತ್ತಿದ್ದೆ, ಐದೂವರೆಗೆ ಸ್ನಾನ, ಆರಕ್ಕೆ ಚಹಾ, ಹನ್ನೊಂದೂವರೆಗೆ ಊಟ. ಇದೆಲ್ಲ ಗುಲಬರ್ಗಾದ ಬೋರ್ಡಿಂಗಿನಲ್ಲಿ ಅಂಟಿದ ರೋಗ. ಅಲ್ಲಿ ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಉಣ್ಣಬೇಕು, ಅಂಗಿಯನ್ನು ಒಂದು ಗೇಣಿನ ಅಳತೆಗೆ ಮಡಿಚಿಡಬೇಕು. ಬೋರ್ಡಿಂಗು ಬಿಟ್ಟು ಎಷ್ಟೋ ವರ್ಷವಾದರೂ ಗಂಟೆ ಮಾತ್ರ ನನ್ನ ತಲೆಯೊಳಗೆ ಬಾರಿಸುತ್ತಲೇ ಇತ್ತು. ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿಯ ಮೇಲೆ 'ಉಪ್ಪು' ಎಂದು ಚೀಟಿ ಅಂಟಿಸಿದವನು ನಾನು. ನನ್ನ ಹೆಂಡತಿ ಬಂದ ನೆಂಟರಿಗೆಲ್ಲ ಹೇಳುತ್ತಿದ್ದಳು, "ನಮ್ಮಪ್ಪ ನನ್ನ ಮದುವಿ ಮಾಡಿ ಕೊಟ್ಟಿಲ್ಲರಿ, ಇವರ ಸಾಲಿಗಿ ಹೆಸರು ಹಚ್ಚ್ಯಾನ."

ಇಂಥ ಮನೆಯ ಮುಂದಿನ ಖೋಲಿಯಲ್ಲಿ ಖಾಜಾಮಿಯಾನಂಥ ಮನುಷ್ಯ ಅಂಗಡಿ ಇಟ್ಟರೆ ಏನಾದೀತು ಎಂದು ನೀವೇ ಊಹಿಸಿ. ಹೊಲಿಗೆಯಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲ. ಒಮ್ಮೆ ನೋಡಿದರೆ ಸಾಕು, ಟೇಪು ಹಿಡಿಯದೆ ಭುಜದ ಅಳತೆ ಹೇಳುತ್ತಿದ್ದರು. ಆದರೆ ಖೋಲಿ? ಕಾಲಿಟ್ಟಲ್ಲಿ ಚಿಂದಿ, ಕಿಟಕಿಯಲ್ಲಿ ದಾರದ ಉಂಡೆ, ಕತ್ತರಿ ಒಂದು ದಿನ ಗೂಡಿನಲ್ಲಿದ್ದರೆ ಮರುದಿನ ಅವರ ತೊಡೆಯ ಕೆಳಗೆ. ಇದನ್ನೆಲ್ಲ ನಾನು ಹೇಗೋ ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ಒಂದೇ, ಗೋಡೆಯ ಮೇಲಿನ ಕ್ಯಾಲೆಂಡರು. ಮೂರು ವರ್ಷದ ಹಿಂದಿನದು. ಹನ್ನೊಂದು ಹಾಳೆ ಹರಿದುಹೋಗಿ ಡಿಸೆಂಬರು ಒಂದೇ ಉಳಿದಿತ್ತು, ಅದಕ್ಕೂ ಎಣ್ಣೆ ಹತ್ತಿತ್ತು. ನಾನು ಶಾಲೆಗೆ ಹೋಗುವಾಗ ಡಿಸೆಂಬರು, ಬರುವಾಗ ಡಿಸೆಂಬರು, ಬೇಸಿಗೆಯ ಬಿಸಿಲಿನಲ್ಲೂ ಡಿಸೆಂಬರು. ತಾರೀಖು ಎಂದರೆ ಪ್ರಾಣ ಬಿಡುವವನಿಗೆ ದಿನಕ್ಕೆರಡು ಸಲ ಇಂಥ ಹಿಂಸೆ.

ಅದು ರಂಜಾನಿನ ಕೊನೆಯ ವಾರ. ಗುರುವಾರ ಸಂಜೆ ಖಾಜಾಮಿಯಾ ರೋಜಾ ಬಿಡಲು ಮನೆಗೆ ಹೋದರು. ಖೋಲಿಯ ಬಾಗಿಲು ನಮ್ಮ ಪಡಸಾಲೆಗೇ ತೆರೆಯುತ್ತಿತ್ತು. ಹಬ್ಬ ಬಂತು, ಒಬ್ಬ ಮನುಷ್ಯನಿಗೆ ಉಪಕಾರ ಮಾಡೋಣ ಎಂದು ನಾನು ಪೊರಕೆ ಹಿಡಿದು ಒಳಗೆ ಹೋದೆ. ಚಿಂದಿ ಗುಡಿಸಿದೆ, ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿದೆ, ಕ್ಯಾಲೆಂಡರನ್ನು ಕಿತ್ತು ಸುರುಳಿ ಸುತ್ತಿದೆ. ಸುತ್ತುವಾಗ ಬೆರಳಿಗೆ ಏನೋ ಚುಚ್ಚಿತು. ಗೋಡೆಯ ಮೊಳೆ ಇರಬೇಕು ಎಂದುಕೊಂಡೆ. ಸುರುಳಿಯನ್ನು ಬಚ್ಚಲೊಲೆಯ ಪಕ್ಕದ ಕಸದ ಕಾಗದಗಳ ಜೊತೆ ಇಟ್ಟು, ಕೈ ತೊಳೆದು, ದಿನಚರಿಯಲ್ಲಿ 'ಖೋಲಿ ಸ್ವಚ್ಛವಾಯಿತು' ಎಂದು ಬರೆದು ಮಲಗಿದೆ.

ಈಗ ಶುಕ್ರವಾರ ಏಳು ಗಂಟೆ ಹತ್ತು ನಿಮಿಷಕ್ಕೆ ಬರೋಣ. ಹಬ್ಬದ ಅವಸರದಲ್ಲಿದ್ದ ಖಾಜಾಮಿಯಾ ಬಂದವರೇ ಸುತ್ತ ನೋಡದೆ ಮಷೀನಿಗೆ ಕುಳಿತಿದ್ದರು. ಟಕ್ ಎಂದು ಸಪ್ಪಳವಾಯಿತು, ಮಷೀನು ನಿಂತಿತು. ಖಾಜಾಮಿಯಾ ಮುರಿದ ಸೂಜಿಯನ್ನು ಬಿಚ್ಚಿ ಪಕ್ಕಕ್ಕಿಟ್ಟು, ತಲೆ ಎತ್ತದೆಯೇ ಗೋಡೆಗೆ ಕೈ ಚಾಚಿದರು. ಕೈಗೆ ಬರೀ ಗೋಡೆ ಸಿಕ್ಕಿತು. ಆಗ ತಲೆ ಎತ್ತಿದರು.

"ಮಾಸ್ತರ್ ಸಾಬ್, ಇಲ್ಲಿ ಕ್ಯಾಲೆಂಡರ್ ಇತ್ತಲ್ರಿ?"

"ಅದು ಹಳೇದು ಖಾಜಾಮಿಯಾ. ಮೂರು ವರ್ಷದ್ದು. ನಾನೇ ತೆಗೆದೆ."

"ತಾರೀಖ್ ನೋಡಾಕ ಯಾರ್ ಇಟ್ಟಾರ್ರಿ ಅದನ್ನ? ನನ್ನ ಸೂಜಿ ಅದರಾಗ ಚುಚ್ಚಿಟ್ಟಿದ್ದೆ. ಹಾಳಿಗಿ ಎಣ್ಣಿ ಹಚ್ಚಿದ್ರ ಜಂಗ್ ಹಿಡ್ಯಾಂಗಿಲ್ಲ. ಮೂರೇ ಮೂರು ಉಳಿದಿದ್ವು. ಎಲ್ಲದ ಅದು?"

ನಾನು ಹೆಂಡತಿಯ ಮುಖ ನೋಡಿದೆ. ಅವಳು ಬಚ್ಚಲಿನ ಕಡೆ ನೋಡಿದಳು. "ನಿಮ್ಮ ಐದೂವರಿ ಸ್ನಾನಕ್ಕ ನೀರು ಕಾಸಾಕ ಅದನ್ನೇ ಹಚ್ಚೀನ್ರಿ," ಎಂದಳು. ಬೂದಿ ಕೆದಕಿದೆವು. ಮೂರೂ ಸಿಕ್ಕವು. ಖಾಜಾಮಿಯಾ ಒಂದನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿದರು, ಅದು ಹಸಿ ಕಡ್ಡಿಯಂತೆ ಬಾಗಿತು. ಬೆಂಕಿ ಕಂಡ ಸೂಜಿಗೆ ಬಿರುಸು ಉಳಿಯುವುದಿಲ್ಲವಂತೆ. ಅವರು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ. ಮಷೀನಿನ ಮುಂದೆ ಕುಳಿತು, "ಮಾಲಿಕನ ಮರ್ಜಿ," ಎಂದಷ್ಟೇ ಹೇಳಿದರು. ರೋಜಾದ ಬಾಯಿ, ಒಂದು ಗುಟುಕು ನೀರು ಕುಡಿದು ಸುಧಾರಿಸಿಕೊಳ್ಳಿ ಎನ್ನುವಂತೆಯೂ ಇರಲಿಲ್ಲ. ಅವರ ಪಕ್ಕದಲ್ಲಿ, ನಾನೇ ಮೂಲೆಗೆ ಮೂಲೆ ಹೊಂದಿಸಿ ಇಟ್ಟಿದ್ದ ಕತ್ತರಿಸಿದ ಬಟ್ಟೆಗಳ ರಾಶಿ ಇತ್ತು. ಇಡೀ ಗಲ್ಲಿಯ ಮಕ್ಕಳ ಹಬ್ಬದ ಅಂಗಿಗಳು. ಆಗ ಬಟ್ಟೆಯೂ ರೇಷನ್ ಚೀಟಿಯ ಮೇಲೆ ಸಿಗುತ್ತಿದ್ದ ಕಾಲ. ಒಬ್ಬೊಬ್ಬ ತಾಯಿಯೂ ಎಷ್ಟೋ ದಿನ ಸಾಲಿನಲ್ಲಿ ನಿಂತು ತಂದ ತುಂಡು ಅದು. ಒಬ್ಬರು ಕತ್ತರಿಸಿದ ಮೇಲೆ ಬೇರೆ ದರ್ಜಿ ಅದನ್ನು ಮುಟ್ಟುವುದಿಲ್ಲ. ಸೋಮವಾರ ಹಬ್ಬ.

"ಸಂಜೆಯೊಳಗೆ ಸೂಜಿ ತರುತ್ತೇನೆ," ಎಂದು ಟೋಪಿ ಇಟ್ಟುಕೊಂಡು ಹೊರಟೆ. ಸೂಜಿ ತರುವುದೇನು ಮಹಾ ಎಂಬ ಧೈರ್ಯ. ಆ ಧೈರ್ಯ ಮನಿಯಾರಿ ಬಸಪ್ಪನ ಅಂಗಡಿಯವರೆಗೆ ಬಂತು. ಬಳೆ, ಕನ್ನಡಿ, ಗುಂಡಿ, ದಾರ, ಎಲ್ಲ ಮಾರುವ ಬಸಪ್ಪ ನನ್ನ ಮಾತು ಕೇಳಿ ನಕ್ಕ. "ಕೈಸೂಜಿ ಬೇಕಂದ್ರ ಒಯ್ರಿ ಮಾಸ್ತರ. ಮಷೀನ್ ಸೂಜಿ ಹ್ವಾದ ಉಗಾದಿಗೇ ಖಲಾಸ್. ಸೂಜಿ ಮಾಡೋರೆಲ್ಲ ತೋಪಿನ ಗುಂಡು ಮಾಡಾಕತ್ಯಾರಂತ." ಉಳಿದ ಅಂಗಡಿಗಳಲ್ಲೂ ಇದೇ ಕಥೆ. ಬೇರೆ ದರ್ಜಿಗಳ ಹತ್ತಿರ ಕಡ ಕೇಳೋಣವೆಂದು ಹೋದೆ. ಒಬ್ಬ ಬಾಗಿಲಲ್ಲೇ ಕೈ ಮುಗಿದ. "ಮಗಳ್ನ ಕೇಳ್ರಿ ಮಾಸ್ತರ, ಕುಂತು ಮಾತಾಡೂಣು. ಹಬ್ಬದ ವಾರದಾಗ ಸೂಜಿ ಮಾತ್ರ ಕೇಳಬ್ಯಾಡ್ರಿ." ತಪ್ಪೇನೂ ಇಲ್ಲ. ಅವನ ಬಳಿ ಇದ್ದದ್ದೂ ಎರಡೇ. ಇನ್ನು ಉಳಿದದ್ದು ಪಕ್ಕದ ದೊಡ್ಡ ಪೇಟೆ, ಹುಮನಾಬಾದ.

ಆಗಿನ ಬಸ್ಸನ್ನು ಕಾಣದವರಿಗೆ ವರ್ಣಿಸುವುದು ಕಷ್ಟ. ಪೆಟ್ರೋಲು ದಂಡಿಗೆ ಹೋಗುತ್ತಿತ್ತು, ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಂದು ಹಂಡೆ ಕಟ್ಟಿದ್ದರು. ಆ ಗ್ಯಾಸಿನ ಬಲದಿಂದ ಬಸ್ಸು ಇಳಿಜಾರಿನಲ್ಲಿ ಓಡುತ್ತಿತ್ತು, ಸಮತಟ್ಟಿನಲ್ಲಿ ನಡೆಯುತ್ತಿತ್ತು, ಏರಿನಲ್ಲಿ ನಿಲ್ಲುತ್ತಿತ್ತು. "ಇಳೀರಿ, ಇಳೀರಿ, ಗಾಡಿಗಿ ದಮ್ಮು ಹತ್ಯದ," ಎಂದು ಕಂಡಕ್ಟರು ಕೂಗಿದಾಗಲೆಲ್ಲ ನಾವು ಇಳಿದು, ಎರೆಮಣ್ಣಿನ ಕೆಸರಿನಲ್ಲಿ ಅದನ್ನು ನೂಕಿ, ಮತ್ತೆ ಹತ್ತುತ್ತಿದ್ದೆವು. ಟಿಕೇಟು ಕೊಂಡವರು ನಾವು, ಸವಾರಿ ಮಾಡಿದ್ದು ಬಸ್ಸು. ಪಕ್ಕದಲ್ಲಿ ಘಾಟಬೋರಾಳದ ಒಬ್ಬ ರೈತ ಕುಳಿತಿದ್ದ. "ನಂದು ಎತ್ತು ಹಗ್ಗ ಹರಕೊಂಡು ಹ್ವಾಗ್ಯದ್ರಿ. ಹುಡುಕಾಕತ್ತೀನಿ. ನೀವು?" ಎಂದ. ಸೂಜಿ ಎಂದೆ. ಅವನು ನನ್ನನ್ನು ಬಹಳ ಹೊತ್ತು ನೋಡಿದ. "ಎತ್ತಾದ್ರ ದೂರದಿಂದರ ಕಾಣ್ತದ," ಎಂದು ನಿಟ್ಟುಸಿರು ಬಿಟ್ಟ. ಅವನಿಗೆ ತನ್ನ ಕಷ್ಟ ಸ್ವಲ್ಪ ಹಗುರಾದಂತೆ ಕಂಡಿತು.

ಹುಮನಾಬಾದ ಮುಟ್ಟಿದಾಗ ಹನ್ನೊಂದೂವರೆ. ಹೊಟ್ಟೆಯೊಳಗೆ ಬೋರ್ಡಿಂಗಿನ ಗಂಟೆ ಬಾರಿಸಿತು. ರೋಜಾ ಹಿಡಿದು ಸುಮ್ಮನೆ ಕುಳಿತ ಮನುಷ್ಯ ಕಣ್ಣ ಮುಂದೆ ಬಂದ, ಖಾನಾವಳಿಯ ಕಡೆ ತಿರುಗಿದ ಕಾಲು ಹಿಂದೆ ಬಂತು. ಬಜಾರಿನಲ್ಲಿ ಮೂರು ಅಂಗಡಿಯವರು ತಲೆ ಅಲ್ಲಾಡಿಸಿದರು. ನಾಲ್ಕನೆಯವರು ಮುದುಕರು. ಅವರೂ ತಲೆ ಅಲ್ಲಾಡಿಸಿದರು, ಆದರೆ ಕೂರಿಸಿ ಮಾತಾಡಿಸಿದರು. "ಈರಣ್ಣ ಅಂತ ಬಟ್ಟಿ ಹೊಲಿಯೋ ಒಬ್ಬ ಶಿಂಪಿ ಇದ್ದನ್ರಿ. ಸೂಜಿ ಒಯ್ದ್ರ ಡಜನ್ ಲೆಕ್ಕದಾಗೇ ಒಯ್ತಿದ್ದ. ತೀರ್ಕೊಂಡು ಮೂರು ವರ್ಷ ಆಯ್ತು. ಹೇಣ್ತಿ ಕಾಶೀಬಾಯಿ ಹಿಂದಿನ ಓಣ್ಯಾಗ ಅದಾಳ. ಕೇಳಿ ನೋಡ್ರಿ."

ಹೋದೆ. ಕಾಶೀಬಾಯಿ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಬಂದ ಕಾರಣ ಹೇಳಿದೆ.

"ಮಷೀನ್ ಮಾರಿ ಭಾಳ ದಿನ ಆಯ್ತಪ್ಪ," ಎಂದರು. "ಕತ್ತರಿ, ಗಜ, ಎಲ್ಲಾ ಹ್ವಾದ್ವು. ಸೂಜಿ ಎಲ್ಲಿಂದ ತರ್ಲಿ? ಬಿಸಲಾಗ ಬಂದೀರಿ, ನೀರರ ಕುಡ್ದು ಹೋಗ್ರಿ."

ಅವರು ನೀರು ತರಲು ಒಳಗೆ ಹೋದರು. ನಾನು ಹೊಸ್ತಿಲ ಮೇಲೆ ಸೋತು ಕುಳಿತೆ. ಎದುರಿನ ಗೋಡೆಯ ಮೇಲೆ ನವಿಲಿನ ಚಿತ್ರದ ಒಂದು ಕ್ಯಾಲೆಂಡರು ಇತ್ತು. ಹಳೆಯದು. ಒಂದೇ ಹಾಳೆ ಉಳಿದಿತ್ತು, ಡಿಸೆಂಬರು. ಒಂದು ಕಡೆಗೆ ವಾಲಿತ್ತು. ನಿನ್ನೆಯ ನಾನಾಗಿದ್ದರೆ ಎದ್ದು ಸರಿಮಾಡುತ್ತಿದ್ದೆ, ಇಲ್ಲವೇ ಕಿತ್ತು ಕೈಗೆ ಕೊಡುತ್ತಿದ್ದೆ. ಇವತ್ತಿನ ನಾನು ಹಾಳೆಗೆ ಹತ್ತಿದ್ದ ಎಣ್ಣೆಯ ಕಲೆ ನೋಡಿದೆ. ಅವರು ತಂದ ನೀರು ಕುಡಿದು ಕೇಳಿದೆ:

"ಅವ್ವಾ, ಆ ಕ್ಯಾಲೆಂಡರ್ ಯಾಕೆ ಇಟ್ಟಿದ್ದೀರಿ?"

"ಅವರು ಹೋದದ್ದು ಅದೇ ತಿಂಗಳದಾಗ. ತೆಗ್ಯಾಕ ಮನಸ್ ಬರ್ಲಿಲ್ಲ. ಯಾಕ್ರಿ?"

"ಮುಟ್ಟುವುದಿಲ್ಲ. ಹತ್ತಿರ ಹೋಗಿ ನೋಡಲೇ?"

ಹೋಗಿ ನೋಡಿದೆ. ಕೊನೆಯ ವಾರದ ಕೆಳಗೆ, ತಾರೀಖು ಇಲ್ಲದ ಖಾಲಿ ಮನೆಗಳಲ್ಲಿ, ನಾಲ್ಕು ಸೂಜಿಗಳು ಸಾಲಾಗಿ ಚುಚ್ಚಿದ್ದವು. ಒಂದಕ್ಕೂ ತುಕ್ಕಿಲ್ಲ. ಕಾಶೀಬಾಯಿ ನನ್ನ ಹಿಂದೆ ಬಂದು ನಿಂತು ಕಣ್ಣು ಕಿರಿದು ಮಾಡಿ ನೋಡಿದರು. "ದಿನಾ ನೋಡೀನಿ, ಕಂಡೇ ಇಲ್ಲಲ್ಲ," ಎಂದರು. ಆಮೇಲೆ, "ನಿಮಗ ಹ್ಯಾಂಗ ಗೊತ್ತಾತ್ರಿ?" ಎಂದು ಕೇಳಿದರು. ಬೇರೆ ದಾರಿ ಇರಲಿಲ್ಲ. ಪೊರಕೆ, ಸುರುಳಿ, ಬೆರಳಿಗೆ ಚುಚ್ಚಿದ್ದು, ಐದೂವರೆಯ ಸ್ನಾನ, ಎಲ್ಲ ಹೇಳಿದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಆಮೇಲೆ ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನಮ್ಮ ಮನಿಗಿ ನಿಮ್ಮಂಥಾ ಶಾಣ್ಯಾ ಮಂದಿ ಬರ್ಲಿಲ್ಲ, ಅದಕ್ಕ ಉಳದಾವ," ಎಂದರು. ಮೂರು ಸೂಜಿಗಳನ್ನು ತಾವೇ ಕಿತ್ತು ಕೊಟ್ಟರು. ನಾಲ್ಕನೆಯದರ ಮೇಲೆ ಬೆರಳಿಟ್ಟು, "ಇದು ಇಲ್ಲೇ ಇರ್ಲಿ. ಅವರು ಚುಚ್ಚಿದ್ದು," ಎಂದರು. ದುಡ್ಡು ಮುಟ್ಟಲಿಲ್ಲ. ಮಕ್ಕಳ ಅಂಗಿ ಆದವೋ ಇಲ್ಲವೋ ಎಂದು ಹಬ್ಬದ ಮೇಲೆ ಹೇಳಿಕಳಿಸಬೇಕು, ಅಷ್ಟೇ. ಹೇಳಿಕಳಿಸಿದೆ. ಆದವು. ಗಲ್ಲಿಯಲ್ಲಿ ಒಂದು ಮಗುವೂ ಹಳೆಯ ಅಂಗಿಯಲ್ಲಿ ಈದ್ಗಾಕ್ಕೆ ಹೋಗಲಿಲ್ಲ.

ಸೂಜಿಗಳನ್ನು ಜೇಬಿನ ದಿನಚರಿಯಲ್ಲಿ, ಅದೇ ಶುಕ್ರವಾರದ ಪುಟಕ್ಕೆ ಚುಚ್ಚಿಕೊಂಡು ಬಸ್ಸಿನ ಬಳಿ ಬಂದೆ. ಘಾಟಬೋರಾಳದವನು ಅಲ್ಲೇ ಕುಳಿತಿದ್ದ, ಎತ್ತು ಇನ್ನೂ ಸಿಕ್ಕಿರಲಿಲ್ಲ. ನಾನು ಪುಟ ತೆರೆದು ತೋರಿಸಿದೆ. "ಸೂಜಿ ಸಿಕ್ತು ಅಂದ್ರ ನನ್ನ ಎತ್ತೂ ಸಿಗ್ತದ ಬಿಡ್ರಿ," ಎಂದು ಎದ್ದು ಹೊರಟ. ಹಿಂದಿರುಗುವಾಗ ಬಸ್ಸನ್ನು ನೂಕಿದ್ದು ಎರಡೇ ಸಲ. ಎರಡು ಸಲವೂ ಒಂದು ಕೈಯಲ್ಲಿ ನೂಕಿದೆ, ಇನ್ನೊಂದು ಕೈ ಜೇಬಿನ ಮೇಲಿತ್ತು.

ಮನೆ ಮುಟ್ಟಿದಾಗ ರೋಜಾ ಬಿಡುವ ಮಗ್ರಿಬ್‌ನ ಬಾಂಗಿಗೆ ಇನ್ನೂ ಕೆಲವು ನಿಮಿಷ. ಖಾಜಾಮಿಯಾ ಮನೆಗೆ ಹೋಗಿರಲಿಲ್ಲ, ನನ್ನ ದಾರಿ ಕಾಯುತ್ತಿದ್ದರು. ಸೂಜಿಗಳನ್ನು ಬೆಳಕಿಗೆ ಹಿಡಿದು ನೋಡಿ, "ಯಾರೋ ಉಸ್ತಾದನ ಕೈಯಾಗ ಇದ್ದವು ಇವು," ಎಂದರು. ನಡೆದದ್ದನ್ನೆಲ್ಲ ನಾನು ಹೇಳಿ ಮುಗಿಸುವಷ್ಟರಲ್ಲಿ ಬಾಂಗು ಕೂಗಿತು. ನನ್ನ ಹೆಂಡತಿ ಖರ್ಜೂರವನ್ನೂ ನೀರನ್ನೂ ಇಬ್ಬರ ಮುಂದೆಯೂ ಇಟ್ಟಳು. ನಾನೂ ಬೆಳಗಿನಿಂದ ಏನೂ ತಿಂದಿಲ್ಲ ಎಂದು ಗೊತ್ತಾದಾಗ ಖಾಜಾಮಿಯಾ ಮೊದಲ ಸಲ ನಕ್ಕರು. "ಮಾಸ್ತರ್ ಸಾಬ್, ನೀರು ಕುಡೀಲಾರ್ದ ಇದ್ರ ರೋಜಾ ಪೂರಾ ಆಗ್ತಿತ್ತು. ಕಾಶೀಬಾಯಿ ಮನಿಯಾಗ ಕುಡ್ದೀರಂತ." ನಮಾಜು ಮುಗಿಸಿ ಬಂದು ಸೂಜಿ ಹಾಕಿ ಕಾಲು ಒತ್ತಿದರು. ಆ ಮಷೀನಿನ ಸಪ್ಪಳಕ್ಕೆ ಪ್ರತಿದಿನ ಸಂಜೆ ಗೊಣಗುತ್ತಿದ್ದವನು ನಾನೇ.

ಉಳಿದ ಎರಡನ್ನು ಇಡಲು ಅವರು ಗೋಡೆ ನೋಡಿದರು. ಗೋಡೆ ಬಹಳ ಸ್ವಚ್ಛವಾಗಿತ್ತು. ಒಂದು ಹಳೆಯ ಕ್ಯಾಲೆಂಡರು ತರುತ್ತೇನೆಂದು ನಾನು ಒಳಗೆ ಹೋದೆ. ಅಟ್ಟ, ಪೆಟ್ಟಿಗೆ, ಕಪಾಟು, ಎಲ್ಲ ಹುಡುಕಿದೆ. ನಮ್ಮ ಮನೆಯಲ್ಲಿ ಹಳೆಯ ಕ್ಯಾಲೆಂಡರು ಇರಲು ಹೇಗೆ ಸಾಧ್ಯ? ವರ್ಷ ಮುಗಿದ ಮರುದಿನವೇ ಸುಡುವವನು ನಾನು. "ಹುಮನಾಬಾದಿಗಿ ಇನ್ನೊಂದು ಬಸ್ ಅದ ಏನ್ರಿ?" ಎಂದು ಹೆಂಡತಿ ಕೇಳಿದಳು. ಕೊನೆಗೆ ನನ್ನ ಮೇಜಿನ ಮುಂದಿದ್ದ ಈ ವರ್ಷದ ಕ್ಯಾಲೆಂಡರನ್ನೇ ತಂದು ಮೊಳೆ ಹೊಡೆದು ತೂಗುಹಾಕಿದೆ. ಖಾಜಾಮಿಯಾ ನನ್ನ ಕಣ್ಣ ಮುಂದೆಯೇ ಸೆಪ್ಟೆಂಬರು, ಅಕ್ಟೋಬರು, ನವೆಂಬರುಗಳನ್ನು ಹಿಂದಕ್ಕೆ ಮಡಿಚಿ, ಡಿಸೆಂಬರಿಗೆ ಮಷೀನಿನ ಎಣ್ಣೆ ಸವರಿ, ಸೂಜಿಗಳನ್ನು ಚುಚ್ಚಿದರು. ಮೊಳೆ ನೆಟ್ಟಗೆ ಕೂತಿರಲಿಲ್ಲ, ಕ್ಯಾಲೆಂಡರು ಎಡಕ್ಕೆ ಒಂದು ಬೆರಳಿನಷ್ಟು ವಾಲಿತ್ತು. ನನ್ನ ಕೈ ತಾನಾಗಿಯೇ ಮೇಲೆದ್ದಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೆಮ್ಮಿದಳು. ಎತ್ತಿದ ಕೈಯನ್ನು ಇಳಿಸಿ, ಬೆನ್ನ ಹಿಂದೆ ಕಟ್ಟಿಕೊಂಡೆ. ಏಳು ಗಂಟೆ ಐವತ್ತು ನಿಮಿಷ. ಆ ದಿನದ ಕೊನೆಯ ಕೆಲಸ ಅದೇ.